ಒಂದೇ ಮಗು, ಎರಡು ಹಿತ

ರಾಯಚೂರಿನ ಕಡೆಯ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಹತ್ತು ಗಂಟೆ. ಗಂಡ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ, ಹೆಂಡತಿ ಕಳೆ ಕೀಳಲು ಹೊಲಕ್ಕೆ ಹೋಗಿದ್ದಾಳೆ. ಮನೆಯ ಕಟ್ಟೆಯ ಮೇಲೆ ಹನ್ನೊಂದು ವರ್ಷದ ಹುಡುಗಿ, ಅವಳ ತೊಡೆಯ ಮೇಲೆ ಒಂದೂವರೆ ವರ್ಷದ ತಮ್ಮ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿದೆ, ತರಗತಿಯಲ್ಲಿ ಅವಳಿಲ್ಲ. ಕೂಲಿಗೂ ಹೋಗುತ್ತಿಲ್ಲ. ನೆರೆಯವರನ್ನು ಕೇಳಿದರೆ, "ಕೆಲಸ ಏನೂ ಇಲ್ಲ, ಮನೆಯಲ್ಲೇ ಇದ್ದಾಳೆ, ಕೂಸು ಆಡಿಸುತ್ತಾಳೆ" ಎನ್ನುತ್ತಾರೆ.

ಆ ಕಟ್ಟೆಯ ಹತ್ತಿರ ಮಕ್ಕಳ ಪರವಾಗಿ ದುಡಿಯುವ ಸಂಸ್ಥೆಯೊಂದರ ಕಾರ್ಯಕರ್ತೆ ಬಂದು ನಿಂತಳು ಎನ್ನೋಣ. ಅವಳು ಏನು ಹೇಳಬೇಕು?

ಒಂದು ಬಗೆಯ ಸಂಸ್ಥೆಯಿಂದ ಬಂದವಳಾದರೆ, ಸಂಜೆ ತಾಯಿ ಬರುವ ತನಕ ಕಾದಿದ್ದು ಹೀಗೆ ಹೇಳುತ್ತಾಳೆ: "ನಿಮ್ಮ ಮಗಳು ಈಗ ಬಾಲಕಾರ್ಮಿಕೆ. ನಾಳೆಯಿಂದ ಅವಳು ಶಾಲೆಯಲ್ಲಿರಬೇಕು. ಕೂಸಿಗೆ ಏನು ಮಾಡಬೇಕು ಎಂಬುದನ್ನು ದೊಡ್ಡವರು ಕುಳಿತು ಯೋಚಿಸೋಣ, ಅದು ಅವಳ ತಲೆನೋವಲ್ಲ." ಇನ್ನೊಂದು ಬಗೆಯ ಸಂಸ್ಥೆಯಿಂದ ಬಂದವಳಾದರೆ ತಾಯಿಗೆ ಕಾಯುವುದಿಲ್ಲ. ಹುಡುಗಿಯ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತು, "ನಿನ್ನ ದಿನ ಹೇಗೆ ಹೋಗುತ್ತದೆ, ಹೇಳು ನೋಡೋಣ. ಏನು ಆದರೆ ನಿನಗೆ ಶಾಲೆಗೆ ಬರಲು ಆಗುತ್ತದೆ?" ಎಂದು ಕೇಳುತ್ತಾಳೆ.

ಇಬ್ಬರಿಗೂ ತಮ್ಮ ತಮ್ಮ ಸಂಸ್ಥೆ ಹೇಳಿಕೊಟ್ಟ ಮೊದಲ ಪಾಠ ಒಂದೇ: ಮಗುವಿನ ಹಿತವೇ ಎಲ್ಲಕ್ಕಿಂತ ಮೊದಲು. ಆದರೂ ಒಬ್ಬಳು ತೀರ್ಪು ಹೇಳಿದಳು, ಇನ್ನೊಬ್ಬಳು ಪ್ರಶ್ನೆ ಕೇಳಿದಳು. ಮಕ್ಕಳಿಗಾಗಿ, ಕುಟುಂಬಗಳಿಗಾಗಿ ದುಡಿಯುವ ಸಂಸ್ಥೆಗಳ 'ಮೌಲ್ಯ'ಗಳೆಂದರೆ ಏನು ಎಂದು ತಿಳಿಯಬೇಕಾದರೆ ಈ ವ್ಯತ್ಯಾಸ ಎಲ್ಲಿ ಹುಟ್ಟಿತು ಎಂದು ನೋಡಬೇಕು. ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗುಹಾಕಿದ ಪ್ರೀತಿ, ಗೌರವ, ಪಾರದರ್ಶಕತೆ ಮುಂತಾದ ಪದಗಳಿಂದ ಅದು ತಿಳಿಯುವುದಿಲ್ಲ. ಆ ಪದಗಳನ್ನು ಬೇಡ ಎನ್ನುವವರು ಯಾರಿದ್ದಾರೆ? ಯಾರೂ ಬೇಡ ಎನ್ನದ ಮಾತು ದಾರಿ ತೋರಿಸುವುದಿಲ್ಲ. ಎರಡು ಒಳ್ಳೆಯದರ ನಡುವೆ ಜಗಳ ಬಿದ್ದಾಗ ಒಂದನ್ನು ಬಿಡು ಎಂದು ಹೇಳುವ ಮಾತು ಮಾತ್ರ ದಾರಿ ತೋರಿಸುತ್ತದೆ, ಮತ್ತು ಆ ಮಾತಿಗೆ ಬೆಲೆ ತೆರಬೇಕಾಗುತ್ತದೆ.

ಬೆಲೆ ತೆತ್ತವರಲ್ಲಿ ಹಳಬರು ಇಂಗ್ಲೆಂಡಿನ ಎಗ್ಲಂಟೈನ್ ಜೆಬ್. ಮೊದಲ ಮಹಾಯುದ್ಧ ಮುಗಿದ ಮೇಲೂ ಬ್ರಿಟನ್ನಿನ ದಿಗ್ಬಂಧನದಿಂದ ಆಸ್ಟ್ರಿಯಾ, ಜರ್ಮನಿಗಳಲ್ಲಿ ಮಕ್ಕಳು ಹಸಿವಿನಿಂದ ಸಾಯುತ್ತಿದ್ದರು. 1919ರಲ್ಲಿ ಈ ಹೆಂಗಸು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಆ ಮಕ್ಕಳ ಚಿತ್ರವಿದ್ದ ಕರಪತ್ರ ಹಂಚಿದರು. ಹಂಚಿದ ತಪ್ಪಿಗೆ ಬಂಧನವಾಯಿತು, 5 ಪೌಂಡ್ ದಂಡ ಬಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಅವರ ಮುಂದಾಳತನದಲ್ಲಿ 'ಸೇವ್ ದ ಚಿಲ್ಡ್ರನ್' ಎಂಬ ಮಕ್ಕಳ ನೆರವಿನ ಸಂಸ್ಥೆ ಹುಟ್ಟಿತು. ಮಕ್ಕಳನ್ನು ಪ್ರೀತಿಸಬೇಕು ಎಂದಷ್ಟೇ ಹೇಳಿದ್ದರೆ ಅವರನ್ನು ಯಾರೂ ಹಿಡಿಯುತ್ತಿರಲಿಲ್ಲ. ಶತ್ರುವಿನ ಮಗುವೂ ಮಗುವೇ ಎಂದದ್ದು ಅಪರಾಧವಾಯಿತು. 1924ರಲ್ಲಿ ರಾಷ್ಟ್ರಸಂಘ, ಅಂದರೆ ವಿಶ್ವಸಂಸ್ಥೆಗಿಂತ ಮೊದಲಿದ್ದ ದೇಶಗಳ ಒಕ್ಕೂಟ, ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಜಿನೀವಾ ಘೋಷಣೆ ಜೆಬ್ ಅವರ ಕರಡಿನಿಂದಲೇ ಬಂದದ್ದು. ಅದರಲ್ಲಿದ್ದದ್ದು ಐದೇ ಅಂಶ. ಸಂಕಟ ಬಂದಾಗ ಮೊದಲ ನೆರವು ಮಗುವಿಗೆ ಸಲ್ಲಬೇಕು ಎನ್ನುವುದು ಅವುಗಳಲ್ಲೊಂದು.

ಇದು ದೂರದ ಕಥೆ. ನಮ್ಮ ಹತ್ತಿರದಲ್ಲೇ, ಒಂದು ಹೈದರಾಬಾದಿನ ಸುತ್ತ, ಇನ್ನೊಂದು ಬೆಂಗಳೂರು ಮತ್ತು ಕುಂದಾಪುರದಲ್ಲಿ, ಎರಡು ಸಂಸ್ಥೆಗಳು ಒಂದೇ ಕಾಲದಲ್ಲಿ ಒಂದೇ ಸಮಸ್ಯೆಗೆ ಎದುರು ಬದುರಾದ ಉತ್ತರ ಕೊಟ್ಟಿವೆ. ಇಬ್ಬರದೂ ಪ್ರಾಮಾಣಿಕ ಉತ್ತರ. ಅದಕ್ಕೇ ಇವರಿಂದ ಕಲಿಯುವುದು ಹೆಚ್ಚು.

ಐದು ವಾಕ್ಯಗಳ ಬಿಗಿ

ಮಾಮಿಡಿಪೂಡಿ ವೆಂಕಟರಂಗಯ್ಯ ಫೌಂಡೇಷನ್ ಎಂಬ ಉದ್ದ ಹೆಸರಿನ ಸಂಸ್ಥೆಯನ್ನು ಎಲ್ಲರೂ ಎಂ.ವಿ. ಫೌಂಡೇಷನ್ ಎಂದೇ ಕರೆಯುತ್ತಾರೆ. 1981ರಲ್ಲಿ ಹುಟ್ಟಿದ್ದು, ಮಕ್ಕಳ ದುಡಿಮೆಯ ವಿಷಯಕ್ಕೆ ಕೈ ಹಾಕಿದ್ದು 1991ರ ಹೊತ್ತಿಗೆ, ಆಗಿನ ಆಂಧ್ರಪ್ರದೇಶದ ರಂಗಾರೆಡ್ಡಿ ಜಿಲ್ಲೆಯಲ್ಲಿ. ಅದರ ಹಿಂದಿದ್ದವರು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಶಾಂತಾ ಸಿನ್ಹಾ. 2003ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2007ರಲ್ಲಿ ಮಕ್ಕಳ ಹಕ್ಕುಗಳ ರಕ್ಷಣೆಯ ರಾಷ್ಟ್ರೀಯ ಆಯೋಗ ಆರಂಭವಾದಾಗ ಅವರೇ ಮೊದಲ ಅಧ್ಯಕ್ಷೆ.

ಈ ಸಂಸ್ಥೆ ತನ್ನ ಮೌಲ್ಯಗಳನ್ನು ಮೌಲ್ಯ ಎಂದು ಕರೆಯಲಿಲ್ಲ, 'ರಾಜಿಯಿಲ್ಲದ ಮಾತುಗಳು' ಎಂಬ ಅರ್ಥದ ಹೆಸರಿಟ್ಟಿತು. ಸಾರ ಇಷ್ಟು: ಎಲ್ಲ ಮಕ್ಕಳೂ ಪೂರ್ಣಾವಧಿಯ ಹಗಲು ಶಾಲೆಯಲ್ಲೇ ಇರಬೇಕು. ಶಾಲೆಯಲ್ಲಿ ಇಲ್ಲದ ಮಗು ಯಾವುದೇ ಇರಲಿ, ಅದು ಬಾಲಕಾರ್ಮಿಕ. ಮಗುವಿನ ಪಾಲಿಗೆ ಎಲ್ಲ ದುಡಿಮೆಯೂ ಅಪಾಯಕಾರಿ. ಬಾಲದುಡಿಮೆ ಪೂರ್ತಿ ನಿಲ್ಲಬೇಕು, ಅದನ್ನು ನಿಯಂತ್ರಿಸುತ್ತೇವೆ ಎನ್ನುವ ಕಾನೂನೂ ಬೇಡ. ಕೊನೆಯದಾಗಿ, ಬಾಲದುಡಿಮೆಯನ್ನು ಮುಂದುವರಿಸಲು ಕೊಡುವ ಯಾವ ಸಮರ್ಥನೆಯನ್ನೂ ಖಂಡಿಸಬೇಕು.

ಓದಿದ ಕೂಡಲೇ ಇದೆಂಥ ಹಟ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಒಂದೊಂದೇ ವಾಕ್ಯ ಆಗಿನ ಕಾಲದಲ್ಲಿ ಯಾವ ಬಾಗಿಲನ್ನು ಮುಚ್ಚಲು ಹುಟ್ಟಿತು ಎಂದು ನೋಡಿದ ಮೇಲೆ ಹಟದ ಒಳಗಿನ ಲೆಕ್ಕ ಕಾಣಿಸಿತು.

ಹಗಲು ಶಾಲೆ ಎಂಬ ಮಾತನ್ನೇ ತೆಗೆದುಕೊಳ್ಳಿ. ಆ ಕಾಲದಲ್ಲಿ ಸರ್ಕಾರವೂ ಹಲವು ಸಂಸ್ಥೆಗಳೂ ದುಡಿಯುವ ಮಕ್ಕಳಿಗೆ ರಾತ್ರಿ ಶಾಲೆ, ಅನೌಪಚಾರಿಕ ಶಿಕ್ಷಣ ಕೇಂದ್ರ ಎಂದು ನಡೆಸುತ್ತಿದ್ದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಅದಕ್ಕೆ ಜಾಗವಿತ್ತು. ಹಗಲೆಲ್ಲ ದನ ಕಾದು, ರಾತ್ರಿ ಲಾಟೀನಿನ ಬೆಳಕಿನಲ್ಲಿ ಎರಡು ತಾಸು ಅಕ್ಷರ ತಿದ್ದುವುದು. ಹಗಲು ಶಾಲೆಯೇ ಆಗಬೇಕು ಎಂದ ಕೂಡಲೇ ಈ ಕೇಂದ್ರಗಳನ್ನು ನಡೆಸುವ ದಾರಿಯೂ, ಅದಕ್ಕೆ ಸಿಗುವ ಹಣವೂ ಸಂಸ್ಥೆಯ ಪಾಲಿಗೆ ಮುಚ್ಚಿದಂತೆ. ಉಳ್ಳವರ ಮಕ್ಕಳಿಗೆ ಹಗಲು, ಇಲ್ಲದವರ ಮಕ್ಕಳಿಗೆ ರಾತ್ರಿ ಎಂಬ ಹಂಚಿಕೆಯನ್ನು ಒಪ್ಪುವುದಿಲ್ಲ ಎಂಬುದು ಅದರ ತಾತ್ಪರ್ಯ.

ಎರಡನೆಯ ವಾಕ್ಯಕ್ಕೆ ಇನ್ನೂ ದೊಡ್ಡ ಕಾರಣವಿದೆ. 2001ರ ಜನಗಣತಿಯಲ್ಲಿ 5ರಿಂದ 14 ವರ್ಷದ ದುಡಿಯುವ ಮಕ್ಕಳ ಸಂಖ್ಯೆ ಸುಮಾರು 1.26 ಕೋಟಿ. ಶಾಲೆಯಲ್ಲಿ ಇಲ್ಲದ ಮಕ್ಕಳ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೆಲಸದಲ್ಲೂ ಇಲ್ಲ, ಶಾಲೆಯಲ್ಲೂ ಇಲ್ಲ ಎಂದರೆ ಇಷ್ಟು ಮಕ್ಕಳು ಎಲ್ಲಿದ್ದರು? ನಮ್ಮ ಕಟ್ಟೆಯ ಹುಡುಗಿ ಇದ್ದಲ್ಲಿ. ನೀರು ತರುವುದು, ಸಗಣಿ ಬಾಚುವುದು, ಸೌದೆ ಆಯುವುದು, ಕೂಸನ್ನು ಸೊಂಟಕ್ಕೆ ಹಾಕಿಕೊಂಡು ತಿರುಗುವುದು ಯಾವ ಲೆಕ್ಕದ ಪುಸ್ತಕದಲ್ಲೂ ಕೆಲಸವಲ್ಲ. ಹೆಣ್ಣುಮಕ್ಕಳ ದುಡಿಮೆಯಂತೂ ಹೆಸರಿಲ್ಲದ್ದು. 'ಅಕ್ಕ' ಎಂಬ ಒಂದು ಪದದೊಳಗೆ ಅದೆಲ್ಲ ಅಡಗಿ ಕೂರುತ್ತದೆ. ಯಾವ ಕೆಲಸ, ಎಷ್ಟು ತಾಸು, ಕೂಲಿ ಇದೆಯೋ ಇಲ್ಲವೋ ಎಂದು ಅಳೆಯುತ್ತಾ ಕೂತರೆ ಈ ಹುಡುಗಿ ಯಾವತ್ತೂ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಸಂಸ್ಥೆ ಅಳತೆಗೋಲನ್ನೇ ತಿರುಗಿಸಿತು. ಶಾಲೆಯಲ್ಲಿ ಇದ್ದಾಳೋ ಇಲ್ಲವೋ? ಇಲ್ಲ ಎಂದರೆ ಮುಗಿಯಿತು.

ಕೊನೆಯ ವಾಕ್ಯ, ಸಮರ್ಥನೆಯನ್ನು ಖಂಡಿಸಬೇಕು ಎಂಬುದು, ಬಡ ತಾಯಿತಂದೆಯರ ಮೇಲಿನ ಸಿಟ್ಟಲ್ಲ. ಅದರ ಗುರಿ ಓದಿದವರು. "ಪಾಪ, ಬಡವರು, ಮಗು ದುಡಿಯದಿದ್ದರೆ ಊಟಕ್ಕೇನು ಮಾಡುತ್ತಾರೆ?" ಎನ್ನುವ ನಮ್ಮಂಥವರು. ಬಡ ತಾಯಿತಂದೆಯರಿಗೆ ಮಕ್ಕಳನ್ನು ಓದಿಸುವ ಆಸೆ ಇದ್ದೇ ಇದೆ, ಅದಕ್ಕಾಗಿ ಅವರು ಹೊಟ್ಟೆ ಕಟ್ಟಲೂ ಸಿದ್ಧರಿದ್ದಾರೆ, ತಡೆಯುವುದು ಶಾಲೆಯ ಒರಟುತನ, ಜನನ ಪ್ರಮಾಣಪತ್ರ, ವಯಸ್ಸು ಮೀರಿತು ಎಂಬ ನೆಪ, ಇವರ ಮಕ್ಕಳು ದುಡಿಯಲೆಂದೇ ಹುಟ್ಟಿದವರು ಎಂಬ ಊರಿನ ನಂಬಿಕೆ. ಹೀಗೆ ಶಾಂತಾ ಸಿನ್ಹಾ ಮತ್ತು ಅವರ ಜೊತೆಗಾರರು ವಾದಿಸಿದರು. ಕುಟುಂಬವನ್ನು ಗೌರವಿಸುವುದು ಎಂಬ ಮೌಲ್ಯ ಇಲ್ಲಿ ವಿಚಿತ್ರ ರೂಪದಲ್ಲಿ ಬರುತ್ತದೆ. ನಿಮ್ಮ ಬಡತನಕ್ಕೆ ಮರುಗುತ್ತೇವೆ ಎನ್ನುವುದು ಗೌರವವಲ್ಲ, ನಿಮ್ಮ ಆಸೆಯನ್ನು ನಂಬುತ್ತೇವೆ ಎನ್ನುವುದು ಗೌರವ.

ಇಷ್ಟು ಬಿಗಿಯಾಗಿ ಬರೆಯುವ ಅಗತ್ಯ ಏನಿತ್ತು ಎಂಬುದಕ್ಕೆ ತೀರಾ ವ್ಯಾವಹಾರಿಕ ಉತ್ತರವೂ ಇದೆ. ಈ ಸಂಸ್ಥೆಯ ಕೆಲಸ ಮಾಡಿದವರು ಹಳ್ಳಿಯ ಯುವಕ ಯುವತಿಯರು, ಅನೇಕರು ತಮ್ಮ ಮನೆಯಲ್ಲಿ ಅಕ್ಷರ ಕಂಡ ಮೊದಲ ತಲೆ. ಬಾಗಿಲಲ್ಲಿ ನಿಂತಾಗ ಜಮೀನ್ದಾರ ಎದುರಾಗುತ್ತಾನೆ, ಮುಖ್ಯೋಪಾಧ್ಯಾಯ ಎದುರಾಗುತ್ತಾನೆ, ಹುಡುಗಿಯ ಮಾವ ಎದುರಾಗುತ್ತಾನೆ. ಪ್ರತಿಯೊಬ್ಬರ ಬಾಯಲ್ಲೂ ಒಂದೊಂದು 'ಆದರೆ' ಇರುತ್ತದೆ. ಹೈದರಾಬಾದಿಗೆ ಫೋನ್ ಮಾಡಿ ಕೇಳಿಕೊಂಡು ಬರುವಷ್ಟು ಹೊತ್ತು ಅಲ್ಲಿಲ್ಲ. ಬಾಯಿಪಾಠವಾದ ಐದು ವಾಕ್ಯ ಆಗ ಕೈಕೋಲಾಗುತ್ತದೆ. ಮೌಲ್ಯ ಚಿಕ್ಕದಾಗಿರಬೇಕು, ಕಚೇರಿಯವರಿಗಿಂತ ಮೊದಲು ಬಾಗಿಲಲ್ಲಿ ನಿಂತವಳಿಗೆ ಉಪಯೋಗಕ್ಕೆ ಬರಬೇಕು ಎಂಬುದನ್ನು ನಾನು ಕಲಿತದ್ದು ಇವರಿಂದ.

ಹತ್ತು ಹನ್ನೆರಡು ವರ್ಷವಾದ ಮೇಲೆ ಒಂದನೆಯ ತರಗತಿಯ ಪುಟ್ಟ ಮಕ್ಕಳ ಜೊತೆ ಕೂರಲು ಯಾವ ಹುಡುಗನಿಗೂ ನಾಚಿಕೆ. ಅದಕ್ಕಾಗಿ ಕೆಲವು ತಿಂಗಳ ವಸತಿ ಶಿಬಿರ ನಡೆಸಿ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸುವ 'ಸೇತುಬಂಧ'ದ ಪದ್ಧತಿಯನ್ನು ಅವರು ಬೆಳೆಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುವುದು ಹೆಚ್ಚು ಕಡಿಮೆ ಇದನ್ನೇ: ಬಿಟ್ಟುಹೋದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ವಿಶೇಷ ತರಬೇತಿ ಕೊಡಬೇಕು.

ಮಾಣಿಯ ಮಾತು

ಈಗ ಘಟ್ಟದ ಕೆಳಗೆ ಬರೋಣ. ಕುಂದಾಪುರದ ಕಡೆ 'ಮಾಣಿ' ಎಂದರೆ ಹುಡುಗ. ಬೆಂಗಳೂರಿನ ಹೋಟೆಲುಗಳಲ್ಲಿ 'ಮಾಣಿ' ಎಂದರೆ ಬಡಿಸುವವನು, ಲೋಟ ಎತ್ತುವವನು. ಒಂದು ಪದ ಘಟ್ಟ ಹತ್ತುವಷ್ಟರಲ್ಲಿ ಮಗುವಿನಿಂದ ಆಳಾಗಿ ಬದಲಾಯಿತು. ಎಷ್ಟು ಹುಡುಗರು ಆ ಬಸ್ ಹತ್ತಿದರೆ ಒಂದು ಪದದ ಅರ್ಥ ಹೀಗೆ ತಿರುಗುತ್ತದೆ ಎಂದು ಭಾಷೆಯ ಪಂಡಿತರು ಲೆಕ್ಕ ಹಾಕಬಹುದು. ಅಂದ ಹಾಗೆ, 1986ರ ಕೇಂದ್ರ ಬಾಲಕಾರ್ಮಿಕ ಕಾಯ್ದೆಯ ನಿಷೇಧದ ಪಟ್ಟಿಗೆ ಹೋಟೆಲ್, ಢಾಬಾ ಮತ್ತು ಮನೆಗೆಲಸ ಸೇರಿದ್ದು 2006ರ ಅಕ್ಟೋಬರ್ 10ರಂದು. ಅಲ್ಲಿಯ ತನಕ ಇಪ್ಪತ್ತು ವರ್ಷ ಆ ಪಟ್ಟಿಯ ಕಣ್ಣಿಗೆ ಮಾಣಿಯ ಕೆಲಸ ಅಪಾಯದ್ದಾಗಿ ಕಂಡಿರಲಿಲ್ಲ.

ಬೆಂಗಳೂರಿನಲ್ಲಿ ಕಾರ್ಮಿಕ ಸಂಘಟನೆಯ ಹಿನ್ನೆಲೆಯಿಂದ ಬಂದ ನಂದನಾ ರೆಡ್ಡಿ ಮತ್ತು ಜೊತೆಗಾರರು ಕಟ್ಟಿದ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ, ಇಲ್ಲಿ ಚಿಕ್ಕದಾಗಿ ಸಿ.ಡಬ್ಲ್ಯು.ಸಿ. ಎನ್ನುತ್ತೇನೆ, ಈ ಹುಡುಗರನ್ನು ನೋಡಿದ್ದು ಬೇರೆ ಕಣ್ಣಿನಿಂದ. ಕಾರ್ಮಿಕ ಸಂಘಟನೆಯವರಿಗೆ ಒಂದು ಅಭ್ಯಾಸವಿರುತ್ತದೆ: ದುಡಿಯುವವನ ಪರವಾಗಿ ಮಾತನಾಡುವ ಮೊದಲು ದುಡಿಯುವವನನ್ನು ಕೇಳುವುದು. ಇಲ್ಲಿ ದುಡಿಯುವವನಿಗೆ ಹನ್ನೆರಡು ವರ್ಷ. ಹಾಗೆಂದು ಆ ಅಭ್ಯಾಸವನ್ನು ಬಿಡಬೇಕೇ? ಬಿಡಬೇಕಾಗಿಲ್ಲ ಎಂದು ಅವರು ತೀರ್ಮಾನಿಸಿದರು. 1990ರಲ್ಲಿ ದುಡಿಯುವ ಮಕ್ಕಳದೇ ಸಂಘಟನೆಯಾಗಿ 'ಭೀಮ ಸಂಘ' ಹುಟ್ಟಿತು. ಆಮೇಲೆ ಹುಡುಗರು ಬಸ್ ಹತ್ತುವ ಊರುಗಳಿಗೇ ಹೋಗಿ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದರು. ಮಳೆಗಾಲದಲ್ಲಿ ತೋಡು ದಾಟಲು ಕಾಲುಸಂಕ ಬೇಕು ಎಂಬಂಥ ಬೇಡಿಕೆಗಳು ಅಲ್ಲಿ ಬಂದವು. ದೊಡ್ಡವರ ಸಭೆಯಲ್ಲಿ ಕಾಲುಸಂಕದ ಮಾತು ಏಳಬಹುದು, ಏಳದಿರಬಹುದು. ದಿನಾ ಅದರ ಮೇಲೆ ಹೆಜ್ಜೆ ಇಡುವ ಮಗು ಅದನ್ನು ಮರೆಯುವುದಿಲ್ಲ. ಇಂದು ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮ ಸಭೆಯ ಬೇರುಗಳಲ್ಲಿ ಒಂದು ಇಲ್ಲಿದೆ. ಕೆಲವು ಕಡೆ ಅದು ಭಾಷಣ, ಬಿಸ್ಕತ್ತು, ಫೋಟೋಗಳಲ್ಲಿ ಮುಗಿದುಹೋಗುತ್ತದೆ ಎನ್ನುವುದು ಬೇರೆ ಮಾತು.

1996ರ ಕೊನೆಯಲ್ಲಿ, ಉಡುಪಿ ಇನ್ನೂ ಬೇರೆ ಜಿಲ್ಲೆಯಾಗದ ಕಾಲದಲ್ಲಿ, ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲಿ ಸೇರಿ ಹತ್ತು ಅಂಶಗಳ ಘೋಷಣೆಯನ್ನು ಹೊರಡಿಸಿದರು. ಮಕ್ಕಳ ಹಕ್ಕಿನ ಬಗ್ಗೆ ಓದುವ ಹೊರದೇಶದವರಿಗೆ ಕುಂದಾಪುರ ಗೊತ್ತಿರುವುದು ಈ ಘೋಷಣೆಯಿಂದಲೇ. ನಮಗೆ ಅದು ಹೆಚ್ಚು ಗೊತ್ತಿಲ್ಲ. ಮಕ್ಕಳು ಕೇಳಿದ್ದು ಏನು? ನಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ನಮ್ಮನ್ನೂ ಕೇಳಿ. ನಮ್ಮ ಬದುಕಿಗೆ ಒಗ್ಗುವ ಶಿಕ್ಷಣ ಕೊಡಿ. ಒಳ್ಳೆಯ ಆರೋಗ್ಯ ಸೇವೆ ಕೊಡಿ. ಬಡತನದ ಬೇರಿಗೆ ಕೈ ಹಾಕಿ. ಊರು ಬಿಟ್ಟು ಹೋಗಬೇಕಾಗದಂತೆ ಹಳ್ಳಿಗಳಲ್ಲಿ ಹೆಚ್ಚು ಕೆಲಸ ಮಾಡಿ. ಶೋಷಣೆ ಬೇಡ, ಆದರೆ ಓದಲು, ಆಡಲು ಸಮಯ ಉಳಿಯುವಂಥ, ಮರ್ಯಾದೆಯ ಕೆಲಸ ನಮಗೆ ಬೇಕು.

ಕೊನೆಯ ಈ ಬೇಡಿಕೆಯನ್ನು ಎಂ.ವಿ. ಫೌಂಡೇಷನ್ನಿನ ಐದು ವಾಕ್ಯಗಳ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಟ್ಟಿಗೆ ಸರಿ ಎನ್ನಲು ಸಾಧ್ಯವೇ ಇಲ್ಲ.

ಕುಂದಾಪುರದ ಘೋಷಣೆಯಲ್ಲಿ ಇನ್ನೊಂದು ಅಂಶ ಹಲವರಿಗೆ ನುಂಗಲಾರದ ತುತ್ತಾಯಿತು: ಮಕ್ಕಳು ತಯಾರಿಸಿದ ವಸ್ತುಗಳಿಗೆ ಬಹಿಷ್ಕಾರ ಹಾಕುವುದನ್ನು ವಿರೋಧಿಸುತ್ತೇವೆ. ಇದರ ಹಿಂದೆ ಬಾಂಗ್ಲಾದೇಶದ ಕಹಿ ಅನುಭವ ಇತ್ತು. 1990ರ ದಶಕದ ಆರಂಭದಲ್ಲಿ ಅಮೆರಿಕದ ಸೆನೆಟರ್ ಟಾಮ್ ಹಾರ್ಕಿನ್ ಅವರು, ಮಕ್ಕಳು ದುಡಿದ ವಸ್ತುಗಳ ಆಮದನ್ನು ತಡೆಯುವ ಮಸೂದೆ ತಂದರು. ಮಸೂದೆ ಕಾಯ್ದೆಯಾಗುವ ಮೊದಲೇ ಹೆದರಿದ ಢಾಕಾದ ಸಿದ್ಧ ಉಡುಪು ಕಾರ್ಖಾನೆಗಳು ಸಾವಿರಾರು ಮಕ್ಕಳನ್ನು ರಾತ್ರೋರಾತ್ರಿ ಹೊರಹಾಕಿದವು. ಅವರಲ್ಲಿ ಅನೇಕರು ಶಾಲೆಗೆ ಹೋಗಲಿಲ್ಲ, ಕಲ್ಲು ಒಡೆಯುವಂಥ ಇನ್ನೂ ಕೆಟ್ಟ ಕೆಲಸಗಳಿಗೆ ಹೋದರು. ಮಕ್ಕಳ ಹಿತಕ್ಕೆಂದೇ ಮಾಡಿದ್ದು. ಮಕ್ಕಳನ್ನು ಕೇಳಿ ಮಾಡಿದ್ದಲ್ಲ.

ಆದರೆ ಇದನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. "ಮಕ್ಕಳೇ ಕೆಲಸ ಬೇಕು ಎನ್ನುತ್ತಿದ್ದಾರೆ" ಎಂಬ ಮಾತು ಮಾಲೀಕನ ಕಿವಿಗೆ ಬಿದ್ದರೆ ಅವನು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಹತ್ತಿ ಬೀಜದ ಹೊಲಗಳಲ್ಲಿ ಹೂವು ಹೂವಿಗೂ ಪರಾಗ ಸವರುವ ಕೆಲಸಕ್ಕೆ ಆಂಧ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಸಣ್ಣ ಹುಡುಗಿಯರನ್ನೇ ಹಿಡಿದಾಗ ಕೇಳಿಬರುತ್ತಿದ್ದ ಸಮರ್ಥನೆ, ಅವರ ಬೆರಳು ಸಣ್ಣದು, ಗಿಡದ ಎತ್ತರಕ್ಕೆ ಸರಿಯಾಗಿದ್ದಾರೆ, ಬಗ್ಗಬೇಕಾಗಿಲ್ಲ ಎಂದು. ಆ ಹುಡುಗಿಯರನ್ನು ಕೇಳಿದ್ದರೆ ಕೆಲವರು ಇಷ್ಟದಿಂದಲೇ ಬಂದಿದ್ದೇವೆ ಎನ್ನುತ್ತಿದ್ದರೋ ಏನೋ. ಗೆಳತಿಯರಿದ್ದಾರೆ, ಕೂಲಿ ಸಿಗುತ್ತದೆ, ಶಾಲೆಯಲ್ಲಿ ಮೇಷ್ಟ್ರು ಹೊಡೆಯುತ್ತಾರೆ. ಬೇರೆ ದಾರಿ ಕಾಣದವರ ಇಷ್ಟವನ್ನು ಎಷ್ಟರ ಮಟ್ಟಿಗೆ ಇಷ್ಟ ಎಂದು ಎಣಿಸುವುದು? ಸಿ.ಡಬ್ಲ್ಯು.ಸಿ. ಬಗೆಯ ಸಂಸ್ಥೆಗಳು ಪ್ರತಿದಿನ ಎದುರಿಸಬೇಕಾದ ಪ್ರಶ್ನೆ ಇದು. ಕೇಳುವುದು ಎಂದರೆ ಮೊದಲ ಉತ್ತರವನ್ನು ಬರೆದುಕೊಂಡು ಹೊರಡುವುದಲ್ಲ, ತಿಂಗಳುಗಟ್ಟಲೆ ಕುಳಿತುಕೊಳ್ಳುವುದು. ನಿಧಾನ ಎಂಬುದು ಆ ಮೌಲ್ಯದ ಬೆಲೆ. ಕಿವುಡು ಎಂಬ ಆರೋಪ ಐದು ವಾಕ್ಯಗಳ ಮೌಲ್ಯದ ಬೆಲೆ.

ಇವೆರಡೂ ಸಾಲದೆಂಬಂತೆ ಮೂರನೆಯ ದಾರಿಯೂ ಇದೆ, ಕೈಲಾಶ್ ಸತ್ಯಾರ್ಥಿಯವರದು: ದಾಳಿ ಮಾಡಿ ಬಿಡಿಸುವುದು, ಮಕ್ಕಳ ದುಡಿಮೆ ಇಲ್ಲದ ರತ್ನಗಂಬಳಿಗೆ ಗುರುತಿನ ಚೀಟಿ ಹಾಕಿಸುವುದು. 2014ರ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಅವರಿಗೆ, ಮಲಾಲಾ ಜೊತೆಗೆ. 2012ರಲ್ಲಿ ಅದೇ ಪ್ರಶಸ್ತಿಗೆ ನಾರ್ವೆಯ ಸಂಸದರು ಸಿ.ಡಬ್ಲ್ಯು.ಸಿ.ಯ ಹೆಸರನ್ನೂ ಸೂಚಿಸಿದ್ದರು. ಮಕ್ಕಳ ದುಡಿಮೆಯ ಬಗ್ಗೆ ಇಷ್ಟು ಬೇರೆ ಬೇರೆಯಾಗಿ ಯೋಚಿಸುವವರು ಒಂದೇ ಪ್ರಶಸ್ತಿಯ ಮಾತಿನಲ್ಲಿ ಬಂದರು ಎಂಬುದೇ ಈ ಜಗಳ ಮುಗಿದಿಲ್ಲ ಎನ್ನುವುದಕ್ಕೆ ಸಾಕ್ಷಿ.

ಕುಟುಂಬ ಎಂಬ ಕವಲು

ಮಕ್ಕಳ ಸಂಸ್ಥೆಗಳ ಮೌಲ್ಯಗಳಲ್ಲಿ 'ಕುಟುಂಬ' ಎಂಬ ಪದ ಎಷ್ಟು ಸುಲಭವಾಗಿ ಬರುತ್ತದೋ ಅಷ್ಟೇ ಜಾರುತ್ತದೆ. 1986ರ ಬಾಲಕಾರ್ಮಿಕ ಕಾಯ್ದೆಯಲ್ಲಿ, ಮನೆಯವರೇ ಸೇರಿ ಮನೆಯಲ್ಲೇ ನಡೆಸುವ ಉದ್ಯೋಗಕ್ಕೆ ವಿನಾಯಿತಿ ಇತ್ತು. ಬೀಡಿ ಕಟ್ಟುವುದು ಕಾರ್ಖಾನೆಯಲ್ಲಿ ಅಪರಾಧ, ಅಮ್ಮನ ಪಕ್ಕದಲ್ಲಿ ಮೊರ ಇಟ್ಟುಕೊಂಡು ಕೂತರೆ ಸಂಸಾರ. 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ಪೂರ್ತಿ ನಿಷೇಧಿಸಿತು, 14ರಿಂದ 18ರವರನ್ನು ಅಪಾಯಕಾರಿ ಕೆಲಸಗಳಿಂದ ದೂರ ಇಟ್ಟಿತು. ಜೊತೆಗೆ, ಶಾಲೆಯ ಹೊತ್ತು ಮುಗಿದ ಮೇಲೆ ಮತ್ತು ರಜೆಯಲ್ಲಿ, ಅಪಾಯವಿಲ್ಲದ ಕೆಲಸವಾದರೆ, ಕುಟುಂಬದ ಉದ್ಯೋಗಕ್ಕೆ ನೆರವಾಗಬಹುದು ಎಂದೂ ಹೇಳಿತು. ಮರುವರ್ಷ ಭಾರತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138 ಮತ್ತು 182ನೇ ಒಡಂಬಡಿಕೆಗಳನ್ನು ಅನುಮೋದಿಸಿತು. ಅಪ್ಪನ ಅಂಗಡಿಯಲ್ಲಿ ಸಂಜೆ ಒಂದು ತಾಸು ಕೂರುವ ಮಗಳೂ, ಸಂಜೆ ನಾಲ್ಕರಿಂದ ರಾತ್ರಿ ಹತ್ತರ ತನಕ ಮಗ್ಗದ ಗುಂಡಿಯಲ್ಲಿ ಇಳಿದು ಕೂರುವ ಮಗನೂ ಊರಿನ ಕಣ್ಣಿಗೆ 'ಕುಟುಂಬಕ್ಕೆ ನೆರವು' ಎಂಬ ಒಂದೇ ಕೊಡೆಯ ಕೆಳಗೆ ನಿಲ್ಲುತ್ತಾರೆ. ಕುಟುಂಬಕ್ಕೆ ನೆರವಾಗುತ್ತೇವೆ ಎನ್ನುವ ಸಂಸ್ಥೆ, ಕುಟುಂಬದ ಒಳಗೆ ಯಾರ ಪರ ಎಂದು ಒಮ್ಮೆಯಾದರೂ ಹೇಳಿಕೊಳ್ಳಬೇಕಾಗುತ್ತದೆ.

ಇದಕ್ಕೆ ವಿರುದ್ಧ ತುದಿಯೂ ಇದೆ: ಮಗುವನ್ನು ಕುಟುಂಬದಿಂದ ತಂದು ಸಾಕುವುದೇ ಪುಣ್ಯ ಎಂದು ತಿಳಿಯುವುದು. ನಮ್ಮಲ್ಲಿ ಅನ್ನ, ಅಕ್ಷರ, ಆಶ್ರಯ ಕೊಡುವ ಮಠಗಳ ದೊಡ್ಡ ಪರಂಪರೆಯೇ ಇದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಊಟ ಹಾಕಿ ಓದಿಸಿದ್ದನ್ನು ಕಂಡವರು ಯಾರೂ ವಸತಿ ಎಂಬುದನ್ನು ಹಗುರವಾಗಿ ನೋಡಲಾರರು. ಆದರೆ ಹಳ್ಳಿಯ ಅಪ್ಪ ತಾನೇ ಕರೆತಂದು ಬಿಟ್ಟುಹೋಗುವ, ಹಬ್ಬಕ್ಕೆ ಕರೆದೊಯ್ಯುವ ವಿದ್ಯಾರ್ಥಿನಿಲಯವೇ ಬೇರೆ, ಅಪ್ಪ ಅಮ್ಮ ಬದುಕಿರುವ ಮಗುವನ್ನು 'ಅನಾಥ' ಎಂಬ ಹೆಸರಿನಲ್ಲಿ ಬೆಳೆಸುವ ಆಶ್ರಮವೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್ ಹದಿನಾರು ಮೂಲತತ್ತ್ವಗಳನ್ನು ಪಟ್ಟಿ ಮಾಡುತ್ತದೆ. ಮಗುವನ್ನು ಸಂಸ್ಥೆಯಲ್ಲಿಡುವುದು ಬೇರೆಲ್ಲ ದಾರಿ ಮುಗಿದ ಮೇಲಿನ ಕೊನೆಯ ಉಪಾಯವಾಗಿರಬೇಕು ಎಂಬುದು ಅದರಲ್ಲಿದೆ. ಮಗುವಿಗೆ ಕಳಂಕ ಹಚ್ಚುವ ಪದ ಬಳಸಬಾರದು ಎಂಬುದೂ ಇದೆ. ಪತ್ರಿಕೆಗಳು ಸುಲಭವಾಗಿ ಬಳಸುವ 'ಬಾಲಾಪರಾಧಿ' ಆ ಕಾಯ್ದೆಯ ಭಾಷೆಯಲ್ಲ. 'ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಗು' ಎನ್ನುವುದು ಉದ್ದ, ಒಪ್ಪುತ್ತೇನೆ. ಆ ಉದ್ದದೊಳಗೆ ಮಗು ಇನ್ನೂ ಮಗುವಾಗಿಯೇ ಉಳಿದಿದೆ.

ಹಣದ ಮಾತು ಬಂದಾಗ ಈ ಮೌಲ್ಯಗಳ ಬಣ್ಣ ಬಯಲಾಗುತ್ತದೆ. ದಾನಿಗಳ ಮನ ಕರಗಿಸುವುದು ಅಳುವ ಮಗುವಿನ ಚಿತ್ರ. ಜೆಬ್ ಕೂಡ ನೂರು ವರ್ಷದ ಹಿಂದೆ ಅದನ್ನೇ ಮಾಡಿದರು. ಇಂದು ರಕ್ಷಣೆ ಪಡೆದ ಮಗುವಿನ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತದೆ. ಕಾನೂನು ಮುಟ್ಟದ ಜಾಗದಲ್ಲೂ, ಮುಖ ತೋರಿಸದೆ ಎಷ್ಟು ದುಡ್ಡು ಎತ್ತಲು ಸಾಧ್ಯವೋ ಅಷ್ಟರಲ್ಲೇ ಕೆಲಸ ಮಾಡುತ್ತೇವೆ ಎನ್ನುವ ಸಂಸ್ಥೆಯ 'ಘನತೆ' ಎಂಬ ಪದವನ್ನು ನಂಬಬಹುದು.

ಹಿತವನ್ನು ಅಳೆಯುವ ಕ್ರಮ

ಎರಡು ಹಿತಗಳ ಜಗಳಕ್ಕೆ ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ಏನು ಹೇಳುತ್ತದೆ? 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಈ ಒಡಂಬಡಿಕೆಗೆ ಭಾರತ ಸೇರಿದ್ದು 1992ರ ಡಿಸೆಂಬರ್‌ನಲ್ಲಿ. ಸೇರುವಾಗಲೇ, ಮಕ್ಕಳ ದುಡಿಮೆಯ 32ನೇ ವಿಧಿಯನ್ನು ಹಂತ ಹಂತವಾಗಿ ಜಾರಿಗೆ ತರುತ್ತೇವೆ ಎಂದು ಸರ್ಕಾರ ಒಂದು ಹೇಳಿಕೆ ಸೇರಿಸಿತ್ತು. ಒಡಂಬಡಿಕೆಯ 3ನೇ ವಿಧಿ ಮಗುವಿನ ಪರಮ ಹಿತದ್ದು, 12ನೇ ವಿಧಿ ಮಗುವಿನ ಮಾತನ್ನು ಕೇಳಬೇಕು ಎಂಬುದರದ್ದು. ಎಂ.ವಿ. ಫೌಂಡೇಷನ್ 3 ಮತ್ತು 32ನ್ನು ಹಿಡಿಯಿತು, ಸಿ.ಡಬ್ಲ್ಯು.ಸಿ. 12ನ್ನು ಹಿಡಿಯಿತು ಎಂದು ಒರಟಾಗಿ ಹೇಳಬಹುದು. 2013ರಲ್ಲಿ ಈ ಒಡಂಬಡಿಕೆಯ ಸಮಿತಿ ಒಂದು ವ್ಯಾಖ್ಯಾನ ಹೊರಡಿಸಿತು. 12ನೇ ವಿಧಿಯನ್ನು ಗೌರವಿಸದೆ 3ನೇ ವಿಧಿಯನ್ನು ಸರಿಯಾಗಿ ಅನ್ವಯಿಸಲು ಆಗುವುದೇ ಇಲ್ಲ ಎಂಬುದು ಅದರ ತಿರುಳು. ಮಗುವಿನ ಹಿತ ಏನು ಎಂದು ನಿರ್ಧರಿಸುವ ಕ್ರಮದೊಳಗೇ ಮಗುವಿನ ಮಾತು ಇರಬೇಕು. ಹಾಗೆಂದು ಮಗು ಹೇಳಿದ್ದೇ ಕೊನೆ ಎಂದೂ ಅಲ್ಲ. ವಯಸ್ಸು, ತಿಳಿವಳಿಕೆಗೆ ತಕ್ಕ ತೂಕ.

ನನ್ನ ಒಲವು ಎಲ್ಲಿ ಎಂದು ಮುಚ್ಚಿಡುವುದಿಲ್ಲ. ಹದಿನಾಲ್ಕರೊಳಗಿನ ಮಗುವಿನ ವಿಷಯದಲ್ಲಿ ಹಗಲು ಶಾಲೆಯ ವಾಕ್ಯವೇ ಸರಿ. ಶಾಲೆಗೆ ಹೋಗಬೇಕೇ ಎಂಬ ಪ್ರಶ್ನೆಯನ್ನು ನನ್ನ ಮನೆಯ ಮಗುವಿಗೆ ಯಾರೂ ಕೇಳುವುದಿಲ್ಲ. ಕೂಲಿಯವನ ಮಗಳಿಗೆ ಮಾತ್ರ ಆಯ್ಕೆಯ ಗೌರವ ಕೊಡುತ್ತೇನೆ ಎಂದರೆ ಅದರಲ್ಲೇನೋ ಮೋಸ ಇದೆ. ಆದರೆ ಹೋಗಬೇಕೇ ಎಂಬುದು ಮುಗಿದ ಮೇಲೆ ಹೇಗೆ ಎಂಬುದು ಉಳಿಯುತ್ತದೆ. ಅಲ್ಲಿ ದೊಡ್ಡವರು ಕುಳಿತು ಮಾಡಿದ ಏರ್ಪಾಡುಗಳು ಸಾಲು ಸಾಲಾಗಿ ಕೆಡುವುದನ್ನು ನಾವೆಲ್ಲ ನೋಡಿದ್ದೇವೆ. ಹದಿನಾಲ್ಕು ದಾಟಿದ ಮೇಲಂತೂ ಶಿಕ್ಷಣ ಹಕ್ಕು ಕಾಯ್ದೆ ಕೈಬಿಡುತ್ತದೆ, ದುಡಿಮೆಯ ಕಾಯ್ದೆ ಅರ್ಧ ಬಾಗಿಲು ತೆರೆಯುತ್ತದೆ. ಆಗ ಭೀಮ ಸಂಘದವರ ಪ್ರಶ್ನೆಗಳಿಲ್ಲದೆ ಗತಿಯಿಲ್ಲ.

ಕಟ್ಟೆಯ ಮೇಲಿನ ಹುಡುಗಿಯ ಹತ್ತಿರ ಮತ್ತೆ ಹೋಗೋಣ. ಅವಳು ಶಾಲೆಗೆ ಹೋಗಬೇಕು ಎಂದು ತೀರ್ಮಾನವಾಯಿತು. ಈಗ ಉಳಿದವನು ತಮ್ಮ. 2023ರಿಂದ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ, ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ 'ಕೂಸಿನ ಮನೆ'ಗಳು ತೆರೆದುಕೊಂಡಿವೆ. ಇವಳ ಊರಿನಲ್ಲೂ ಒಂದಿದೆ ಎನ್ನೋಣ. ಕಾರ್ಯಕರ್ತೆ ಪಂಚಾಯಿತಿಗೆ ಹೋಗಿ ಕೂಸಿನ ಹೆಸರು ಬರೆಸಿ ಬರುತ್ತಾಳೆ, ತಾಯಿಯೂ ತಲೆಯಾಡಿಸುತ್ತಾಳೆ. ಒಂದು ವಾರವಾದರೂ ಹುಡುಗಿ ಶಾಲೆಯಲ್ಲಿಲ್ಲ. ಎರಡನೆಯ ಬಗೆಯ ಕಾರ್ಯಕರ್ತೆಯ ಹಾಗೆ ಕಟ್ಟೆಯ ಮೇಲೆ ಕುಳಿತು ಕೇಳಿದಾಗ ಹುಡುಗಿ ಹೇಳುತ್ತಾಳೆ: ಅವ್ವ ಏಳಕ್ಕೇ ಹೊಲಕ್ಕೆ ಹೊರಡುತ್ತಾಳೆ, ಕೂಸಿನ ಮನೆಯ ಬೀಗ ತೆಗೆಯುವುದು ಹತ್ತಕ್ಕೆ, ಶಾಲೆಯ ಗಂಟೆ ಹೊಡೆಯುವುದು ಒಂಬತ್ತೂವರೆಗೆ. ನಡುವಿನ ಮೂರು ತಾಸು ತಮ್ಮ ಯಾರ ಹತ್ತಿರ ಇರಬೇಕು?